ಹತ್ತದ ಬಳ್ಳಿ

ಶಾಲೆಯ ಹಿಂದಿನ ಚಪ್ಪರದಲ್ಲಿ ಎಲ್ಲರ ಬಳ್ಳಿಯೂ ಕೋಲು ಹಿಡಿದು ಮೇಲಕ್ಕೆ ಹತ್ತಿತು. ಶೋಭಿತಾಳ ಬಳ್ಳಿ ಮಾತ್ರ ಹತ್ತಲಿಲ್ಲ.

ಅದು ಒಳ್ಳೆಮೆಣಸಿನ, ಅಂದರೆ ಕಾಳುಮೆಣಸಿನ ಬಳ್ಳಿ. ಒಂಬತ್ತನೇ ತರಗತಿಯ ಕೊನೆಯಲ್ಲಿ ಮಕ್ಕಳೆಲ್ಲ ಅವರವರ ಮನೆಯಿಂದ ತುಂಡು ತಂದು ಮಣ್ಣು ತುಂಬಿದ ಪ್ಲಾಸ್ಟಿಕ್ ಬ್ಯಾಗಿಗೆ ನೆಟ್ಟಿದ್ದರು. ಮಳೆ ಹಿಡಿಯುವ ಹೊತ್ತಿಗೆ ಒಂದೊಂದೂ ಗೆಣ್ಣಿಗೊಂದು ಬೇರು ಬಿಟ್ಟು, ಕೋಲನ್ನು ಮಗುವಿನಂತೆ ತಬ್ಬಿ ಹತ್ತತೊಡಗಿತು. ಶೋಭಿತಾಳದು ಎಲೆ ಬಿಟ್ಟಿತು, ಹಸುರಾಯಿತು, ಅಡ್ಡಡ್ಡಕ್ಕೆ ಚಾಚಿತು. ಕೋಲಿಗೆ ಕಟ್ಟಿದರೆ ಮಾರನೆಯ ದಿನ ಸಡಿಲವಾಗಿ ಪಕ್ಕಕ್ಕೆ ಒರಗಿರುತ್ತಿತ್ತು. ಯಾರೋ ಬುಡದಿಂದ ಹಿಡಿದು ಎಳೆದಂತೆ.

ಹುಡುಗಿಗೆ ಹೆದರಿಕೆಯಾಯಿತು. ಹೆದರಿಕೆಗೆ ಕಾರಣ ಬಳ್ಳಿಯಲ್ಲ, ಅದು ಬಂದ ಜಾಗ.

ಶೋಭಿತಾಳ ಅಪ್ಪ ಆನಂದ, ಸೋಮವಾರಪೇಟೆ ಕಡೆಯ ಒಂದು ಗುಡ್ಡದ ಇಳಿಜಾರಿನಲ್ಲಿ ಸಣ್ಣ ಕಾಫಿ ತೋಟ ಇಟ್ಟುಕೊಂಡಿದ್ದವನು. ಮನೆಯಲ್ಲಿ ಅವನ ತಾಯಿ ಕಾಳಮ್ಮ, ಹೆಂಡತಿ ಪೂವಮ್ಮ, ಈ ಒಬ್ಬಳು ಮಗಳು. ಶೋಭಿತಾ ಹೈಸ್ಕೂಲಿಗೆ ಬರುವ ಮೊದಲು, ಗುಡ್ಡಗಳು ಜರುಗಿದ ಆ ಮಳೆಗಾಲದಲ್ಲಿ ಊರಿನವರನ್ನೆಲ್ಲ ಕೆಳಗಿನ ಶಾಲೆಗೆ ಇಳಿಸಿದ್ದರು. ಬೆಳಿಗ್ಗೆ ಗಂಜಿ ಕುಡಿದು ಆನಂದ ಎದ್ದು ನಿಂತ. "ದನ ಕಟ್ಟಿದಲ್ಲೇ ಅದೆ. ಬಿಚ್ಚಿ ಬತ್ತೀನಿ," ಎಂದ. ಪೂವಮ್ಮ ಬೇಡವೆಂದಳು. "ಮೂಕ ಪ್ರಾಣಿ ಕಣೇ," ಎಂದು ಮಳೆಗೆ ಗೊರಬು ಹೊದ್ದು ಹೋದ.

ಸ್ವಲ್ಪ ಹೊತ್ತಿಗೆ ಗುಡ್ಡ ಹೊರಟ ಸದ್ದು ಕೇಳಿತು. ಲಾರಿಗಟ್ಟಲೆ ಕಲ್ಲು ಸುರಿದಂತೆ ಇರುತ್ತದೆ ಎಂದು ಜನ ಹೇಳುತ್ತಾರೆ. ಶೋಭಿತಾಳ ಕಿವಿಯಲ್ಲಿ ಉಳಿದಿರುವುದು ಆ ಸದ್ದಲ್ಲ, ಅದರ ಬೆನ್ನಿಗೇ ಬಂದ ನಿಶ್ಶಬ್ದ. ಮಧ್ಯಾಹ್ನ ದನ ತಾನಾಗಿ ಇಳಿದು ಬಂತು. ಕೊರಳಲ್ಲಿ ಹಗ್ಗದ ತುಂಡು ಇತ್ತು. ಹಗ್ಗ ಕಿತ್ತು ಹೋದದ್ದಲ್ಲ, ಕತ್ತಿಯಿಂದ ಕುಯ್ದದ್ದು, ಬಾಯಿ ನೇರವಾಗಿತ್ತು. ಕುಯ್ದವನು ಬರಲಿಲ್ಲ. ಹುಡುಕಿದರು, ಜೆಸಿಬಿ ತಂದರು, ನಾಯಿ ತಂದರು. ಸಿಗಲಿಲ್ಲ.

ಕಾಳಮ್ಮ ಆ ಹಗ್ಗದ ತುಂಡನ್ನು ಸೆರಗಿಗೆ ಕಟ್ಟಿಕೊಂಡಳು. "ಹಗ್ಗ ಕುಯ್ಯೋವಷ್ಟು ಹೊತ್ತು ಇದ್ದೋನು ಓಡೋವಷ್ಟು ಹೊತ್ತು ಇರಲ್ವಾ?" ಎಂದು ಬಂದವರನ್ನೆಲ್ಲ ಕೇಳಿದಳು.

ಮನೆ ಕಳೆದುಕೊಂಡವರಿಗೆ ಸರ್ಕಾರ ಹೊಸ ಲೇಔಟಿನಲ್ಲಿ ಮನೆ ಕೊಟ್ಟಿತು. ಒಂದೇ ಅಳತೆಯ, ಒಂದೇ ಬಣ್ಣದ ಮನೆಗಳು. ಗೋಡೆ ಗಟ್ಟಿ, ಅಂಗಳ ಒಂದು ಚಾಪೆಯಷ್ಟು. ಮರವಿಲ್ಲ. ಪೂವಮ್ಮ ಬೆಳಿಗ್ಗೆ ಜೀಪು ಹತ್ತಿ ಬೇರೆಯವರ ಎಸ್ಟೇಟಿಗೆ ಕೆಲಸಕ್ಕೆ ಹೋಗತೊಡಗಿದಳು. ಸ್ವಂತ ಗಿಡದ ಕಾಫಿ ಕುಯ್ಯುತ್ತಿದ್ದ ಕೈ, ಆಳುಗಳ ಲೆಕ್ಕ ಬರೆಯುವ ರೈಟರು ಹೇಳಿದ ಸಾಲಿನಲ್ಲಿ ಕುಯ್ಯತೊಡಗಿತು. ಕಾಳಮ್ಮ ಬಾಗಿಲ ಬಳಿ ಕೂತಳು. ಮಲಗುವಾಗ ಪೂವಮ್ಮ ಚಿಲಕ ಹಾಕಿದರೆ ಅತ್ತೆ ಎದ್ದು ತೆಗೆಯುತ್ತಿದ್ದಳು. "ಅವ್ನಿಗೆ ಈ ಮನೆ ಗುರ್ತಿಲ್ಲ. ಬಂದು ತಳ್ಳಿ ನೋಡಿ, ತೆಗೀದಿದ್ರೆ ಯಾರದೋ ಮನೆ ಅನ್ಕೊಂಡು ಹೊಯ್ತಾನೆ." ಪೂವಮ್ಮ ಹಾಕುವುದನ್ನೇ ಬಿಟ್ಟಳು.

ಆ ಮನೆತನದಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ಪದ್ಧತಿ. ಮುಸ್ಸಂಜೆ ಎಲೆ ಹಾಕಿ, ಕಡುಬು, ಕೋಳಿ ಸಾರು, ತೀರಿಹೋದವರು ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಒಳಗೆ ಅವರು ಉಣ್ಣುತ್ತಾರೆ. ಆಮೇಲೆ ಹಿರಿಯಳು ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ತೆರೆಯಬೇಕು. ಒಂದು ಕಟ್ಟು ಉಂಟು: ಎಲೆಯ ಮೇಲೆ ತಮ್ಮ ಮಣ್ಣಿನಲ್ಲಿ ಬೆಳೆದದ್ದು ಏನಾದರೊಂದು ಇರಲೇಬೇಕು. ಅದರ ವಾಸನೆ ಹಿಡಿದೇ ಅವರು ಮನೆ ಗುರುತಿಸುವುದು. ಕಾಳಮ್ಮನ ಮನೆಯಲ್ಲಿ ಅದು ಯಾವಾಗಲೂ ಒಳ್ಳೆಮೆಣಸು.

ಹಳೇ ಮನೆಯಲ್ಲಿ ಹಾಗೆ ಹೊರಗೆ ನಿಂತಾಗ ಆನಂದ ಮಗಳ ಕಿವಿಯಲ್ಲಿ ಹೇಳುತ್ತಿದ್ದ: "ಕೇಳ್ಸ್ತಾ? ಅಜ್ಜ ಸೊಂಟ ಹಿಡ್ಕೊಂಡು ಕೂತ್ರು. ಈಗ ಮೂಳೆ ಚೀಪ್ತಾ ಅವ್ರೆ." ಮಗಳು ಕಿಸಕ್ಕನೆ ನಗುತ್ತಿದ್ದಳು, ಕಾಳಮ್ಮ ಕಣ್ಣು ಬಿಡುತ್ತಿದ್ದಳು. ಆಮೇಲೆ ಅದೇ ಸಾರನ್ನು ತಾನು ಉಣ್ಣುವಾಗ ಆನಂದನಿಗೆ ಬಿಕ್ಕಳಿಕೆ ಬರುತ್ತಿತ್ತು. ಒಳ್ಳೆಮೆಣಸು ಒಂದು ಕಾಳು ಹೆಚ್ಚಾದರೂ ಸಾಕು, ಇಡೀ ಮನೆಗೆ ಕೇಳುವ ಹಾಗೆ ಬಿಕ್ಕುತ್ತಿದ್ದ. ಪೂವಮ್ಮ ಅವನ ಎಲೆಯ ಪಕ್ಕದಲ್ಲಿ ನೀರಿಟ್ಟೇ ಬಡಿಸುತ್ತಿದ್ದಳು.

ಲೇಔಟಿಗೆ ಬಂದ ಮೇಲೆ ಬಡಿಸುವುದು ನಿಂತಿತು. "ನಮ್ಮ ಮಣ್ಣಿಂದು ಎಂತ ಅದೆ ಬಡ್ಸಕ್ಕೆ?" ಎಂದಳು ಕಾಳಮ್ಮ. ಮಾತು ಸರಿಯೇ. ಆದರೆ ಪೂವಮ್ಮನಿಗೂ ಶೋಭಿತಾಳಿಗೂ ಅದರ ಒಳಗಿನದು ತಿಳಿದಿತ್ತು. ಬಡಿಸಿದರೆ ಹೆಸರು ಕರೆಯಬೇಕು. ಹಿರಿಯರ ಸಾಲಿನಲ್ಲಿ ಮಗನ ಹೆಸರು ಕರೆದರೆ ಅವನು ಸತ್ತನೆಂದು ತಾಯಿಯೇ ಹೇಳಿದಂತೆ. ಸರ್ಕಾರದ ಕಾಗದದಲ್ಲಿ ಅಪ್ಪ ಸತ್ತಿದ್ದ, ಜಮೀನು ಪಹಣಿಯಲ್ಲಿ ಬದುಕಿತ್ತು. ಮನೆಯಲ್ಲಿ ಜಮೀನು ಸತ್ತಿತ್ತು, ಅಪ್ಪ ಬದುಕಿದ್ದ.

ಈ ಮನೆಯಿಂದ ಶೋಭಿತಾ ಹೈಸ್ಕೂಲಿಗೆ ಹೋದಳು. ಸುಂಟಿಕೊಪ್ಪದ ಬಸ್ಸಿಗೆ ಸಿಗುವ ಶಾಲೆ. ಅಲ್ಲಿ ಒಂಬತ್ತಕ್ಕೆ ಬಂದವರು ಹಿಂದಿಯ ಬದಲು ಕೃಷಿ ತೆಗೆದುಕೊಳ್ಳಬಹುದಿತ್ತು. "ಹಿಂದಿ ಬರದವ್ರಿಗೆ ಮಣ್ಣು," ಎಂದು ಉಳಿದವರು ನಗುತ್ತಿದ್ದರು. ಶೋಭಿತಾಳಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೂ ಕೃಷಿ ಬರೆಸಿದಳು. ಮಳೆ ಬಿದ್ದ ಮಣ್ಣಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಹುಡುಗಿ ಮಣ್ಣಿನ ಪಾಠಕ್ಕೇ ಹೋಗಿ ಕೂತಳು. ನೋಯುವ ಹಲ್ಲಿಗೇ ನಾಲಿಗೆ ಹೋಗುವುದಿಲ್ಲವೇ, ಹಾಗೆ.

ಕೃಷಿ ಕಲಿಸಲು ಬಂದವಳು ಚಿತ್ರಾ ಮಿಸ್. ಹಾಸನದ ಕಡೆಯವಳು, ವರ್ಷವರ್ಷಕ್ಕೆ ಕರಾರು ಬರೆಸಿಕೊಂಡು ಕೆಲಸ ಮಾಡುವ ಟ್ರೇನರು. ಮೊದಲ ದಿನವೇ ಬಕೆಟ್ಟಿನಲ್ಲಿ ಮಣ್ಣು ತಂದು, ನೀರು ಚಿಮುಕಿಸಿ, ಎಲ್ಲರ ಕೈಗೂ ಒಂದೊಂದು ಉಂಡೆ ಕೊಟ್ಟಳು. ಹೆಬ್ಬೆರಳಿಂದ ಒತ್ತಿ ಪಟ್ಟಿ ಮಾಡಬೇಕು. ಪಟ್ಟಿ ಉದ್ದ ಬಂದರೆ ಜೇಡಿ, ಮುರಿದರೆ ಮರಳು. ಶೋಭಿತಾ ಉಂಡೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹಾಗೇ ನಿಂತಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು.

ಚಿತ್ರಾ ಮಿಸ್ ಹಿಂದೆಯೇ ಬಂದಳು. ಯಾರೋ ಅವಳಿಗೆ ವಿಷಯ ಹೇಳಿದ್ದರು.

"ಅದು ನಿನ್ನ ಗುಡ್ಡದ ಮಣ್ಣಲ್ಲಮ್ಮ."

"ಎಲ್ಲಾ ಒಂದೇ ತರ ಅದೆ ಮಿಸ್."

"ಒಂದೇ ತರ ಇಲ್ಲ. ಅದಕ್ಕೇ ಈ ಪಾಠ. ಮಣ್ಣಿಗೆ ನೀನು ಯಾರು ಅಂತ ಗೊತ್ತಿಲ್ಲ. ನೀನಾದ್ರೂ ಅದು ಯಾವುದು ಅಂತ ತಿಳ್ಕೋ."

ಆ ಮಾತು ಹುಡುಗಿಯ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಯಾವ ಮಣ್ಣು ನೀರು ಕುಡಿದು ಸುಮ್ಮನಿರುತ್ತದೆ, ಯಾವುದು ಕುಡಿದು ಕುಡಿದು ಭಾರವಾಗಿ ಒಂದು ದಿನ ಎದ್ದು ಹೊರಡುತ್ತದೆ? ಇಳಿಜಾರಿನಲ್ಲಿ ನೀರಿಗೆ ಬಸಿಗಾಲುವೆ ಯಾಕೆ ಬೇಕು, ಮರದ ಬೇರು ಎಷ್ಟು ಹಿಡಿಯುತ್ತದೆ? ಕೇಳತೊಡಗಿದಳು. ಒಮ್ಮೆ ಮಿಸ್ ಮಕ್ಕಳನ್ನೆಲ್ಲ ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಕರೆದುಕೊಂಡು ಹೋದಳು. ಅಲ್ಲಿ ಓದುವ ಒಬ್ಬ ಹುಡುಗಿ ಬೂಟು ಹಾಕಿಕೊಂಡು ಗುಂಡಿಯೊಳಗಿಳಿದು ಮಣ್ಣಿನ ಪದರಗಳನ್ನು ತೋರಿಸಿದಳು. "ಈ ಕೆಲ್ಸಕ್ಕೆ ಇಷ್ಟೆಲ್ಲ ಓದ್ಬೇಕಾ? ನಮ್ಮಪ್ಪ ದಿನಾ ಗುಂಡಿ ತೋಡಿಸ್ತಾರೆ," ಎಂದ ಎಸ್ಟೇಟ್ ರೈಟರ ಮಗ ದೀಪಕ್. ಎಲ್ಲರೂ ನಕ್ಕರು. ಶೋಭಿತಾ ನಗಲಿಲ್ಲ. ಗುಂಡಿಗೆ ಇಳಿದು, ಕತ್ತೆತ್ತಿ ಮಾತಾಡಿ, ಮತ್ತೆ ಮೇಲೆ ಹತ್ತಿ ಬಂದ ಆ ಹುಡುಗಿಯನ್ನೇ ನೋಡುತ್ತಿದ್ದಳು. ಮಣ್ಣಿನೊಳಗೆ ಹೋದವರು ಹೊರಗೆ ಬರುವುದೂ ಉಂಟು ಎಂದು ಅವಳಿಗೆ ಆವತ್ತು ಗೊತ್ತಾಯಿತು.

ಮೆಣಸಿನ ತುಂಡು ತರುವ ಕೆಲಸ ಬಂದದ್ದು ವರ್ಷದ ಕೊನೆಗೆ. "ಅವರವರ ಮನೆ ಬಳ್ಳೀದೇ ತನ್ನಿ. ಯಾವ ಮನೇದು ಹೇಗೆ ಬರ್ತದೆ ನೋಡೋಣ," ಎಂದಿದ್ದಳು ಮಿಸ್. ತೋಟದ ಮನೆಯೇ ಇಲ್ಲದವಳು ಏನು ತರಬೇಕು? ಧನುಶ್ರೀ ಹೇಳಿದಳು, "ನಮ್ಮತ್ತೆ ಮನೇದು ಕೊಡ್ತೀನಿ ಬಾರೆ." ಧನುಶ್ರೀ ಶೋಭಿತಾಳ ಬೆಂಚಿನವಳು, ಕುಶಾಲನಗರದ ಹತ್ತಿರ ಅವಳ ಅಪ್ಪ ಅಮ್ಮ, ಓದಿಗೆ ಸುಂಟಿಕೊಪ್ಪದ ಅತ್ತೆಯ ಮನೆ.

"ಬೇಡ. ನಮ್ದೇ ತರ್ತೀನಿ."

"ಎಲ್ಲಿಂದ?"

"ಅಲ್ಲಿಂದ."

ಒಂದು ಭಾನುವಾರ ಇಬ್ಬರೂ ಹೋದರು. ಮನೆಯಲ್ಲಿ ಹೇಳಲಿಲ್ಲ. ಬಸ್ಸಿಳಿದು ಗುಡ್ಡದ ಬುಡ ಮುಟ್ಟಿದರು. ಗುಡ್ಡದ ಮೈಯ ಒಂದು ಪಕ್ಕ ಸುಲಿದ ಹಾಗೆ ಕೆಂಪಗೆ ಇತ್ತು. ಅಲ್ಲಲ್ಲಿ ಹುಲ್ಲು ಬಂದಿತ್ತು. ತೋಟ, ಕೊಟ್ಟಿಗೆ, ಮನೆ ಇದ್ದಲ್ಲಿ ತಿಟ್ಟು. ತಿಟ್ಟಿನ ಅಂಚಿಗೆ ಒಂದು ಹಲಸಿನ ಮರ ಸೊಂಟದವರೆಗೆ ಹೂತು, ವಾಲಿಕೊಂಡು, ಜೀವ ಹಿಡಿದಿತ್ತು. ಮರದ ಮೇಲೆ ಬಳ್ಳಿ. ಅಪ್ಪ ಏಣಿ ಇಟ್ಟು ಮೆಣಸು ಕುಯ್ಯುತ್ತಿದ್ದ ಬಳ್ಳಿ ಈಗ ನೆಲದಲ್ಲಿ ನಿಂತರೆ ಕೈಗೆ ಸಿಗುತ್ತಿತ್ತು.

ತಿಟ್ಟಿನ ಮೇಲೆ ಕಾಲಿಡುವ ಮೊದಲು ಶೋಭಿತಾ ಚಪ್ಪಲಿ ಬಿಟ್ಟಳು.

"ಮುಳ್ಳು ಅದೆ ಕಣೇ," ಎಂದಳು ಧನುಶ್ರೀ.

ಶೋಭಿತಾ ನೆಲ ನೋಡಿದಳು. "ಎಲ್ಲಿ ಅವ್ರೋ ಗೊತ್ತಿಲ್ಲ. ಮೇಲೆ ತುಳ್ದ್ರೆ?"

ಧನುಶ್ರೀ ತಾನೂ ಚಪ್ಪಲಿ ಬಿಟ್ಟಳು. ಹಕ್ಕಿಯ ಸದ್ದಿರಲಿಲ್ಲ. ಬಳ್ಳಿಗೆ ಕೈ ಹಾಕಿದಾಗ ಮರ ಒಂದು ಸಲ ಕಿರ್ರೆಂದಿತು, ಗಾಳಿಯೇನೂ ಇರಲಿಲ್ಲ. ಶೋಭಿತಾ ಕೈಗೆ ಸಿಕ್ಕ ಕೊಂಬೆಗಳನ್ನು ಕುಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಿರುಗಿ ನೋಡದೆ ಇಳಿದಳು.

ಮಾರನೆಯ ದಿನ ಚಿತ್ರಾ ಮಿಸ್ ತರಬೇತಿಗೆಂದು ಮಡಿಕೇರಿಗೆ ಹೋಗಿದ್ದಳು. ಮಕ್ಕಳೇ ನೆಟ್ಟರು. ಅದರ ಬೆನ್ನಿಗೆ ಪರೀಕ್ಷೆ, ರಜೆ. ಮಿಸ್‌ನ ಕರಾರೂ ಮುಗಿಯಿತು. ಜೂನಿನಲ್ಲಿ ಶಾಲೆ ತೆರೆದಾಗ ಅವಳು ಇರಲಿಲ್ಲ. ಹೊಸ ಆದೇಶ ಬರಬೇಕು ಎಂದರು ಹೆಡ್‌ಮಾಷ್ಟ್ರು. ಶೋಭಿತಾ ತಂದ ತುಂಡುಗಳಲ್ಲಿ ಒಂದೇ ಒಂದು ಚಿಗುರಿತ್ತು. ಅದೇ ಈ ಹತ್ತದ ಬಳ್ಳಿ.

ಒಂದು ಮಧ್ಯಾಹ್ನ ನೀರು ಹಾಕುವಾಗ ದೀಪಕ್ ಬಗ್ಗಿ ನೋಡಿದ. "ಏ ಶೋಭಿ, ನಿನ್ನ ಬಳ್ಳೀನ ನಿಮ್ಮಪ್ಪ ಕೆಳಗಿಂದ ಹಿಡ್ಕೊಂಡವ್ರೆ ಕಣೇ. ಬುಡಲ್ಲ ಅಂತಾರೆ."

ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಹೇಳಿದವನ ಮುಖವೇ ಬಿಳಿಚಿಕೊಂಡಿತು. ಧನುಶ್ರೀ ಕೈಯಲ್ಲಿದ್ದ ನೀರಿನ ಡಬ್ಬವನ್ನು ಅವನ ತಲೆಗೆ ಸುರಿದು, "ನಿನ್ನ ನಾಲಿಗೆ ಮಾತ್ರ ಚೆನ್ನಾಗಿ ಹತ್ತುತ್ತೆ, ಹೋಗು," ಎಂದಳು. ಆದರೆ ಆಡಿದ ಮಾತು ಆಡಿಯಾಗಿತ್ತು. ಶೋಭಿತಾ ಅದನ್ನೇ ಮೊದಲಿಂದ ನೆನೆಸುತ್ತಿದ್ದಳು, ಬೇರೆ ಬಾಯಲ್ಲಿ ಕೇಳಿದ್ದು ಮಾತ್ರ ಆವತ್ತು.

ಅವಳು ಬ್ಯಾಗನ್ನು ಮನೆಗೆ ತಂದಳು. ಶಾಲೆಯಲ್ಲಿ ಬಿಡಲು ಹೆದರಿಕೆ, ಬಿಸಾಡಲು ಇನ್ನೂ ಹೆದರಿಕೆ. ಅಂಗಳದಲ್ಲಿ ಇಟ್ಟಾಗ ಕಾಳಮ್ಮ ಕೇಳಿದಳು, "ಎಲ್ಲಿಂದು ಮಗಾ?" ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದಳು: ಹಲಸಿನ ಮರ, ಕುಯ್ದದ್ದು, ಬಳ್ಳಿ ಹತ್ತದೆ ಇದ್ದದ್ದು, ಕೊನೆಗೆ ದೀಪಕ್ ಅಂದದ್ದೂ.

ಅಜ್ಜಿ ಅಳುತ್ತಾಳೆ, ಇಲ್ಲವೇ ದೀಪಕ್‌ನ ವಂಶವನ್ನು ಜಾಲಾಡುತ್ತಾಳೆ ಎಂದು ಶೋಭಿತಾ ಎಣಿಸಿದ್ದಳು. ಕಾಳಮ್ಮನ ಮುಖ ಅರಳಿತು.

"ಹಿಡ್ಕೊಂಡವ್ನೆ ಅಂದ್ನಾ? ಹಿಡ್ಕೋಬೇಕು ಅಂದ್ರೆ ಅವ್ನೆ ಅಂತ ತಾನೆ?"

ಅಂದಿನಿಂದ ಅವಳು ಬಾಗಿಲ ಬಳಿ ಕೂರುವಾಗ ಬಳ್ಳಿಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಬ್ಯಾಗು ಹರಿದಾಗ ಹಳೇ ಬಕೆಟ್ಟಿಗೆ ಬದಲಾಯಿಸಿದಳು. ಬುಡಕ್ಕೆ ಬಾಗಿ ಮಾತಾಡುತ್ತಿದ್ದಳು. ಇವತ್ತು ಮಳೆ ಜೋರು ಕಣಪ್ಪ. ದನ ಮಾರಿದ್ವು, ಬೈಬ್ಯಾಡ. ಪೂವಿ ಕೆಮ್ತಾ ಅವ್ಳೆ, ಹೇಳಿದ್ರೆ ಕೇಳಲ್ಲ. ಪೂವಮ್ಮ ಇದನ್ನು ಕೇಳಿ ಕೇಳಿ ಒಂದು ದಿನ ಒಲೆಯ ಮುಂದೆ ಕೂತು ಮಗಳಿಗೆ ಹೇಳಿದಳು, "ಅದನ್ನ ಯಾಕಾದ್ರೂ ತಂದ್ಯೇ? ನಂಗೆ ಅಂಗಳ ದಾಟಕ್ಕೂ ಭಯ ಆಯ್ತದೆ."

ಮಳೆ ಇಳಿಯುವ ಹೊತ್ತಿಗೆ ಚಿತ್ರಾ ಮಿಸ್‌ಗೆ ಆದೇಶ ಬಂತು. ಬಂದವಳೇ ಚಪ್ಪರಕ್ಕೆ ಹೋಗಿ ಒಂದೊಂದು ಬಳ್ಳಿಯನ್ನೂ ನೋಡಿದಳು.

"ನಿಂದೆಲ್ಲಿ ಶೋಭಿತಾ?"

"ಮನೇಲಿ ಮಿಸ್. ಹತ್ತಲಿಲ್ಲ."

"ತಗೊಂಡ್ ಬಾ, ನೋಡೋಣ."

ಮಿಸ್ ಕೇಳಿದಾರೆ ಎಂದು ಅಜ್ಜಿಯನ್ನು ಒಪ್ಪಿಸಿ, ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಳು. ಚಿತ್ರಾ ಮಿಸ್ ಎಲೆ ಸರಿಸಿದಳು, ಗೆಣ್ಣು ಮುಟ್ಟಿದಳು. ಆಗಲೇ ಎಲೆಯ ಮರೆಯಲ್ಲಿ ಸಣ್ಣ ಹಸುರು ತೆನೆಗಳು ಜೋತಿದ್ದವು.

"ಎಲ್ಲಿಂದ ಕುಯ್ದೆ ಇದನ್ನ?"

"ನಮ್ಮ ಮರದಿಂದ."

"ಮರ ಅಲ್ಲಮ್ಮ, ಬಳ್ಳೀಲಿ ಎಲ್ಲಿಂದ? ಬುಡದಲ್ಲಿ ನೆಲದ ಮೇಲೆ ಹರೀತದಲ್ಲ, ಹಬ್ಬು ಬಳ್ಳಿ, ಅದ್ರಿಂದ ಕುಯ್ಯಿ ಅಂತ ಹೇಳಿದ್ದೆ."

"ಬುಡ ಎಲ್ಲಾ ಮಣ್ಣೊಳಗೆ ಅದೆ ಮಿಸ್. ಕೈಗೆ ಸಿಕ್ಕಿದ್ದು ಕುಯ್ದೆ."

ಚಿತ್ರಾ ಮಿಸ್ ಮೆಲ್ಲಗೆ ಹೇಳಿದಳು. "ನೀನು ಕುಯ್ದದ್ದು ಕಾಯಿ ಬಿಡೋ ಅಡ್ಡ ಕೊಂಬೆ. ಅದಕ್ಕೆ ಹತ್ತೋ ಗುಣ ಇಲ್ಲ. ಎಷ್ಟು ವರ್ಷ ಇಟ್ರೂ ಹತ್ತಲ್ಲ. ಹೀಗೇ ಪೊದೆ ಆಗಿ, ಬಕೆಟ್ಟಲ್ಲೇ ಕಾಯಿ ಬಿಡ್ತದೆ. ಮರ ಇಲ್ಲದ ಮನೆಯವರು ಬೇಕಂತಲೇ ಹೀಗೆ ಮಾಡ್ತಾರೆ. ಯಾರೂ ಏನೂ ಹಿಡ್ಕೊಂಡಿಲ್ಲ."

ಕೊನೆಯ ಮಾತು ಕೇಳಿ ಶೋಭಿತಾ ತಲೆ ಎತ್ತಿದಳು. ದೀಪಕ್‌ನ ಮಾತು ಮಿಸ್‌ನ ಕಿವಿಗೂ ಬಿದ್ದಿತ್ತು. ಹುಡುಗಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಇದನ್ನು ಅಜ್ಜಿಗೆ ಹೇಗೆ ಹೇಳುವುದು? ಕೈ ಹಿಡಿದಿರುವವರು ಯಾರೂ ಇಲ್ಲ ಎಂದು?

ಹೇಳಲಿಲ್ಲ. ಬಕೆಟ್ಟನ್ನು ಮತ್ತೆ ತಂದು ಅಜ್ಜಿಯ ಪಕ್ಕ ಇಟ್ಟಳು. ತೆನೆಗಳು ಬಲಿತವು. ಪೂವಮ್ಮ ಕುಯ್ದು, ಒಣಗಿಸಿ, ಒಂದು ಬಾಟಲಿಗೆ ಹಾಕಿ ಮೇಲೆ ಇಟ್ಟಳು. ಸಾರಿಗೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಆದರೆ ಶೋಭಿತಾಳಿಗೆ ಒಂದು ಹಾದಿ ಸಿಕ್ಕಿತ್ತು. ಹೆದರಿಸುವುದಕ್ಕೆ ಒಂದು ಕಾರಣ ಇರುತ್ತದೆ, ಆ ಕಾರಣ ಕಲಿಯುವುದಕ್ಕೆ ಸಿಗುತ್ತದೆ. ಹತ್ತನೆಯದರಲ್ಲಿ ಚೆನ್ನಾಗಿ ಪಾಸಾಗಿ ಸೋಮವಾರಪೇಟೆಯಲ್ಲಿ ಪಿಯುಸಿ ಸೈನ್ಸಿಗೆ ಸೇರಿದಳು. ಹೈಸ್ಕೂಲು ಬಿಟ್ಟರೂ ಚಿತ್ರಾ ಮಿಸ್ ಕೈ ಬಿಡಲಿಲ್ಲ. ಕೃಷಿ ಕಾಲೇಜಿನಲ್ಲಿ ರೈತರ ಮಕ್ಕಳಿಗೆ ಬೇರೆ ಸೀಟುಗಳಿವೆ, ಅದಕ್ಕೆ ಕೈಕೆಲಸದ ಪರೀಕ್ಷೆಯೊಂದಿದೆ ಎಂದು ತಿಳಿಸಿದವಳು ಅವಳೇ. ರೈತನ ಮಗಳು ಎಂಬ ಪತ್ರ ಬೇಕಿತ್ತು. "ಜಮೀನು ಎಲ್ಲಿದೆಯಮ್ಮ?" ಎಂದರು ಕಚೇರಿಯಲ್ಲಿ. "ಪಹಣಿಯಲ್ಲಿದೆ ಸಾರ್," ಎಂದಳು. ಅವರು ಪಹಣಿ ನೋಡಿದರು, ಅವಳ ಮುಖ ನೋಡಿದರು, ಬರೆದುಕೊಟ್ಟರು.

ಪರೀಕ್ಷೆಯ ದಿನ ಉದ್ದನೆಯ ಮೇಜುಗಳ ಮೇಲೆ ಬೀಜ, ಗೊಬ್ಬರ, ಹುಳು ತಿಂದ ಎಲೆ, ಕಸಿ ಚಾಕು ಸಾಲಾಗಿ ಇಟ್ಟಿದ್ದರು. ಶೋಭಿತಾ ಒಂದೊಂದನ್ನೇ ಗುರುತಿಸುತ್ತಾ ಬಂದಳು. ಹೈಸ್ಕೂಲಿನ ಚಪ್ಪರದಲ್ಲಿ ಕೈಯಾಡಿಸಿದ ವಸ್ತುಗಳೇ. ಬಕೆಟ್ಟಿನ ಮಣ್ಣು ಮುಟ್ಟದೆ ಪುಸ್ತಕವನ್ನಷ್ಟೇ ಓದಿದ್ದವರು ಅಕ್ಕಪಕ್ಕ ತಡವರಿಸುತ್ತಿದ್ದರು. ಕೊನೆಯ ತಟ್ಟೆಯಲ್ಲಿ ಒದ್ದೆ ಕೆಂಪು ಮಣ್ಣು. ಆ ವಾಸನೆ ಬಂತು. ಕಾಲು ನಿಂತಿತು. ಗಂಜಿ ಕುಡಿದ ಬೆಳಗು, ಗೊರಬಿನ ಬೆನ್ನು, ಆಮೇಲಿನ ನಿಶ್ಶಬ್ದ. ಹಿಂದಿನ ಹುಡುಗ, "ಅಕ್ಕಾ, ಮುಂದೆ ಹೋಗಿ," ಎಂದ. ಶೋಭಿತಾ ಮಣ್ಣಿಗೆ ಬೆರಳು ಇಟ್ಟಳು. ಉಂಡೆ ಮಾಡಿದಳು, ಹೆಬ್ಬೆರಳಿಂದ ಒತ್ತಿದಳು. ಪಟ್ಟಿ ಉದ್ದ ಬಂದು ತೂಗಿ ಬಿತ್ತು. ಮಣ್ಣಿನ ಹೆಸರು ಬರೆದಳು. ಆವತ್ತು ಕೈಯನ್ನು ಒಂದೇ ಸಲ ತೊಳೆದಳು.

ಸೀಟು ಸಿಕ್ಕಿತು. ಈಗ ಅವಳು ಅಲ್ಲೇ ಓದುತ್ತಿದ್ದಾಳೆ. ಗುಡ್ಡದ ಮಣ್ಣು, ನೀರು, ಜರುಗುವುದು, ಇದೇ ಮುಂದೆ ತನ್ನ ಕೆಲಸ ಎಂದು ಗಟ್ಟಿ ಮಾಡಿಕೊಂಡಿದ್ದಾಳೆ. ಆದರೆ ಅವಳು ಹೋದ ಬಗೆ ಹೇಳದೆ ಇದು ಮುಗಿಯುವುದಿಲ್ಲ. ಯಾಕೆಂದರೆ ಹೋಗುವುದೇ ಇಲ್ಲ ಎಂದು ಕೂತಿದ್ದಳು.

ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ. ಪೂವಮ್ಮ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಶೋಭಿತಾ ತುಂಬಿದ್ದನ್ನು ಹೊರಗೆ ತೆಗೆದಿಟ್ಟಳು.

"ಎಂತ ಮಾಡ್ತಾ ಇದ್ದೀಯೇ?"

"ನಾನು ಹೋಗಲ್ಲವ್ವ. ಅಜ್ಜಿ ಹಿಂಗೆ, ಬಾಗ್ಲು ಹಂಗೆ. ನೀನೊಬ್ಳೇ ಈ ಮನೇಲಿ ಹೆಂಗಿರ್ತೀಯ?"

ಪೂವಮ್ಮ ಒಂದು ಸೀರೆ ಎತ್ತಿಕೊಂಡು ಮಡಿಸತೊಡಗಿದಳು. ಬಾಗಿಲ ಬಳಿಯಿಂದ ಕಾಳಮ್ಮನ ದನಿ ಬಂತು. "ಹೋಗಲ್ಲ ಅಂದ್ರೆ? ಅಪ್ಪಂಗೆ ಹೇಳಿದ್ಯಾ? ಇಲ್ಲಿ ಬಾ, ಹೇಳು. ಅವ್ನು ಬೈದು ಕಳಿಸ್ತಾನೆ." ಅವಳ ಕೈ ಬಕೆಟ್ಟಿನ ಅಂಚಿನ ಮೇಲಿತ್ತು.

ಆಗ ಶೋಭಿತಾಳ ಕಟ್ಟೆ ಒಡೆಯಿತು. ಹೋಗಿ ಅಜ್ಜಿಯ ಮುಂದೆ ಕುಕ್ಕರಿಸಿದಳು. "ಅಜ್ಜೀ, ಅಪ್ಪ ಅಲ್ಲಿಲ್ಲ. ಯಾರೂ ಹಿಡ್ಕೊಂಡಿಲ್ಲ. ನಾನು ಕುಯ್ದಿದ್ದು ಅಡ್ಡ ಕೊಂಬೆ. ಅದು ಹತ್ತೋ ಜಾತೀನೇ ಅಲ್ಲ. ಬುಡದ ಬಳ್ಳಿ ಕುಯ್ದಿದ್ರೆ ಇದೂ ಹತ್ತಿರೋದು. ಇಷ್ಟು ದಿನ ಗೊತ್ತಿತ್ತು, ನಿಂಗೆ ಹೇಳಕ್ಕೆ ಆಗ್ಲಿಲ್ಲ."

ಪೂವಮ್ಮ ಕೈಯಲ್ಲಿ ಸೀರೆ ಹಿಡಿದು ಹಾಗೇ ನಿಂತಳು. ಕಾಳಮ್ಮ ಬಳ್ಳಿಯನ್ನು ನೋಡಿದಳು. ಎಲೆ ಮುಟ್ಟಿದಳು. ಸೆರಗಿನ ಗಂಟು ಬಿಚ್ಚಿ ಹಗ್ಗದ ತುಂಡನ್ನು ತೆಗೆದು, ಕುಯ್ದ ಬಾಯನ್ನು ಬೆರಳಿಂದ ಸವರಿದಳು. ಕೊನೆಗೆ ಕೇಳಿದಳು, "ಹಂಗಾರೆ ಇದರೊಳಗೆ ಇಲ್ವಾ?"

"ಇಲ್ಲ ಅಜ್ಜಿ."

"ಹಂಗಾರೆ ಹೊರಗೇ ನಿಂತವ್ನೆ," ಎಂದಳು ಕಾಳಮ್ಮ. "ಇಷ್ಟು ವರ್ಷ ಬಾಗ್ಲು ತೆಗ್ದು ಮಡಗ್ದೆ. ಕರೀಲಿಲ್ಲ. ಕರೀದೆ ಯಾರಾದ್ರೂ ಒಳಗೆ ಬತ್ತಾರಾ? ಉಪವಾಸ ನಿಂತವ್ನೆ ಕಣೇ ಪೂವಿ, ನನ್ ಮಗ." ಗೋಡೆ ಹಿಡಿದು ಎದ್ದಳು. "ಕೋಳಿ ತರ್ಸು. ಕೂಸು ಓದಕ್ಕೆ ಹೊಂಟದೆ. ಅಪ್ಪನ್ನ ಕೇಳ್ದೆ ಹೆಂಗೆ ಹೋಗದು?"

ಹಿರಿಯರಿಗೆ ಬಡಿಸುವ ಕಾಲ ಅದಲ್ಲ. ಆದರೂ ಮೂವರೂ ಸೇರಿ ಕಡುಬು ಬೇಯಿಸಿದರು, ಸಾರು ಕುದಿಸಿದರು. ಪೂವಮ್ಮ ಮೇಲಿನಿಂದ ಬಾಟಲಿ ತೆಗೆದಳು. ಒಳ್ಳೆಮೆಣಸನ್ನು ಕಲ್ಲಿನಲ್ಲಿ ಜಜ್ಜಿದಾಗ ಆ ಸಣ್ಣ ಮನೆಯ ತುಂಬ ಹಳೇ ಮನೆಯ ವಾಸನೆ ತುಂಬಿತು. ಪೂವಮ್ಮ ಮುಖ ಆಚೆ ತಿರುಗಿಸಿಕೊಂಡು ಜಜ್ಜಿದಳು.

"ಇದು ಬಕೆಟ್ಟಿನ ಮಣ್ಣಲ್ಲಿ ಬೆಳ್ದಿದ್ದು ಅಜ್ಜಿ," ಎಂದಳು ಶೋಭಿತಾ. "ನಮ್ಮ ಮಣ್ಣಿಂದಲ್ಲ. ಆಗ್ತದಾ?"

"ಕೊಂಬೆ ನಮ್ಮದಲ್ವಾ? ಅಷ್ಟು ಗುರ್ತು ಸಾಕು. ಅವ್ನೇ ನೆಟ್ಟಿದ್ದು."

ಮುಸ್ಸಂಜೆ ಎಲೆ ಹಾಕಿ ಬಡಿಸಿದರು. ಕಾಳಮ್ಮ ಹೊಸ್ತಿಲಲ್ಲಿ ನಿಂತು ಮಾವನನ್ನು ಕರೆದಳು, ಅತ್ತೆಯನ್ನು ಕರೆದಳು, ಗಂಡನನ್ನು "ಇವ್ರೇ, ಬನ್ನಿ" ಎಂದು ಕರೆದಳು. ಆಮೇಲೆ ಬಾಯಿ ತೆರೆದಳು, ಸ್ವರ ಬರಲಿಲ್ಲ. ಪೂವಮ್ಮ ಅತ್ತೆಯ ಬೆನ್ನಿಗೆ ಕೈ ಇಟ್ಟಳು.

"ಆನಂದಾ," ಎಂದಳು ಕಾಳಮ್ಮ. "ಬಾಪ್ಪಾ. ಇದೇ ಮನೆ. ಉಣ್ಣು ಬಾ."

ಬಾಗಿಲು ಎಳೆದುಕೊಂಡು ಮೂವರೂ ಅಂಗಳಕ್ಕೆ ಇಳಿದರು. ಲೇಔಟಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಎದುರು ಮನೆಯ ಟಿವಿ ಸದ್ದು, ಎಲ್ಲೋ ಮಕ್ಕಳ ಗಲಾಟೆ. ಹಳೇ ಮನೆಯ ಹಾಗೆ ಅಲ್ಲ ಇದು, ಗೋಡೆಗೆ ಗೋಡೆ ತಾಗಿದ ಜಾಗ. ಯಾರ ಮನೆಯ ಸದ್ದು ಯಾರದೆಂದು ಹೇಳಲು ಬರುವುದಿಲ್ಲ. ಶೋಭಿತಾ ಬಕೆಟ್ಟಿನ ಬಳ್ಳಿಯ ಪಕ್ಕ ನಿಂತಳು. ಕಿವಿಯಲ್ಲಿ ಪಿಸುಗುಡುವವನು ಇಲ್ಲದೆ ಹೀಗೆ ನಿಂತದ್ದು ಅದೇ ಮೊದಲು. ಅಪ್ಪಾ, ಹೋಗಿ ಬರ್ಲಾ, ಎಂದು ಮನಸ್ಸಿನಲ್ಲೇ ಕೇಳಿದಳು.

ಆಗ ಒಂದು ಬಿಕ್ಕಳಿಕೆ ಕೇಳಿಸಿತು.

ದೊಡ್ಡದು. ಇಡೀ ಮನೆಗೆ ಕೇಳುವಂಥದು. ಸ್ವಲ್ಪ ತಡೆದು ಇನ್ನೊಂದು. ಪಕ್ಕದ ಮನೆಯದಿರಬಹುದು, ಅಲ್ಲಿಯೂ ಅದು ಊಟದ ಹೊತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾಳಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೇಳಿದಳು:

"ನೀರು ಇಟ್ಟಿದ್ದೀಯಲ್ಲ ಪೂವೀ?"

"ಇಟ್ಟಿದ್ದೀನಿ ಅತ್ತೆ," ಎಂದಳು ಪೂವಮ್ಮ.

ಬಹಳ ಹೊತ್ತಿನ ಮೇಲೆ ಕಾಳಮ್ಮ ಕೆಮ್ಮಿ ಬಾಗಿಲು ತೆರೆದಳು. ಎಲೆಗಳು ಬಡಿಸಿದಂತೆಯೇ ಇದ್ದವು, ಸಾರು ಆರಿತ್ತು. ನೀರಿನ ಲೋಟವನ್ನು ಯಾರೂ ಬಗ್ಗಿ ನೋಡಲಿಲ್ಲ. ಉಂಡು ಎದ್ದ ಮೇಲೆ ಶೋಭಿತಾ ಟ್ರಂಕಿನ ಬಟ್ಟೆಗಳನ್ನು ತಾನೇ ಮತ್ತೆ ತುಂಬಿದಳು. ಕಾಳಮ್ಮ ಹಗ್ಗದ ತುಂಡನ್ನು ಬಳ್ಳಿಯ ಬುಡದಲ್ಲಿ ಸುತ್ತಿಟ್ಟು ಒಳಗೆ ಬಂದು, ತನ್ನ ಕೈಯಿಂದಲೇ ಚಿಲಕ ಹಾಕಿದಳು.